ಮಗುವಿನ ಗೇಮ್ ಖಾತೆಗೆ ನಿಜವಾದ ವಯಸ್ಸು ಹಾಕುವುದು ಹೇಗೆ?

ಹಾಸನದ ಬಿ.ಎಂ. ರಸ್ತೆಯ ಮೊಬೈಲ್ ಅಂಗಡಿಗಳಲ್ಲಿ ಇದನ್ನು ಎಷ್ಟೋ ಸಲ ನೋಡಿದ್ದೇನೆ. ಅಪ್ಪ ಮಗನಿಗೆ ಫೋನ್ ಕೊಡಿಸುತ್ತಾರೆ. ಅಂಗಡಿಯ ಹುಡುಗ ಖಾತೆ ತೆರೆದುಕೊಡುತ್ತಾನೆ. ಹುಟ್ಟಿದ ದಿನ ಕೇಳಿದ ಜಾಗದಲ್ಲಿ ಸುಮ್ನೆ 1 ಜನವರಿ 2000 ಅಂತ ಒತ್ತಿಬಿಡುತ್ತಾನೆ. ಎಲ್ಲ ಕೆಡುವುದು ಅಲ್ಲೇ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯ ಲೆಕ್ಕದಲ್ಲಿ 18 ತುಂಬದವರೆಲ್ಲ ಮಕ್ಕಳೇ. ಅವರ ಮಾಹಿತಿ ಬಳಸಲು ಗೇಮ್ ಕಂಪನಿ ಹೆತ್ತವರ ಒಪ್ಪಿಗೆ ಪಡೆಯಬೇಕು. ಮಗುವಿನ ಬೆನ್ನು ಹತ್ತಿ ಜಾಹೀರಾತು ತೋರಿಸುವಂತಿಲ್ಲ. ತಪ್ಪಿದರೆ ದಂಡ 200 ಕೋಟಿ ರೂಪಾಯಿವರೆಗೆ. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ, ಈ ಭಾಗ 2027ರ ಮೇ ತಿಂಗಳಲ್ಲಿ ಜಾರಿಗೆ ಬರಬೇಕಿದೆ. ಆದರೆ ಖಾತೆಯಲ್ಲಿ ವಯಸ್ಸು 25 ದಾಟಿದೆ ಅಂತಿದ್ದರೆ ಕಂಪನಿಗೆ ಅಲ್ಲಿ ಮಗುವೇ ಕಾಣುವುದಿಲ್ಲ, ಅಲ್ವಾ?

ಹಾಗಾಗಿ ಹಳೆ ಖಾತೆಯನ್ನು ತೇಪೆ ಹಾಕಲು ಹೋಗಬೇಡಿ, ಹೊಸದನ್ನೇ ಮಾಡಿ. ಆಂಡ್ರಾಯ್ಡ್ ಆದರೆ ಮೊದಲು ನಿಮ್ಮ ಫೋನಿಗೆ ಗೂಗಲ್‌ನ ಫ್ಯಾಮಿಲಿ ಲಿಂಕ್ ಹಾಕಿಕೊಳ್ಳಿ, ಅದು ಮಗುವಿನ ಫೋನಿನ ಮೇಲೆ ನಿಗಾ ಇಡುವ ಆ್ಯಪ್. ಅದರೊಳಗಿಂದಲೇ ಮಗುವಿನ ಖಾತೆ ತೆರೆಯಿರಿ. ಜನನ ಪ್ರಮಾಣಪತ್ರ ಕೈಯಲ್ಲಿ ಹಿಡಿದು, ಅದರಲ್ಲಿರುವ ದಿನಾಂಕವನ್ನೇ ನೀವೇ ಒತ್ತಿ. ಮಗುವಿಗೆ 13 ದಾಟಿದ್ದರೆ ನಿಮ್ಮ ನಿಗಾಕ್ಕೆ ಅದೂ ಒಪ್ಪಬೇಕು, ಆದ್ದರಿಂದ ಮೊದಲೇ ಕೂರಿಸಿಕೊಂಡು ಮಾತಾಡಿ. ಆಮೇಲೆ ಮಗುವಿನ ಫೋನಿನಿಂದ ಹಳೆ ಖಾತೆ ತೆಗೆದು ಹೊಸದನ್ನು ಸೇರಿಸಿ. ಗೆದ್ದ ಲೆವೆಲ್, ಕೂಡಿಟ್ಟ ಸ್ಕಿನ್ (ಗೇಮ್ ಪಾತ್ರದ ವೇಷ) ಹೋಗಬಹುದು. ಮಗು ಅಳುತ್ತದೆ. ಕರಗಬೇಡಿ. ಗೇಮ್ ತೆರೆದಾಗ ಅದೂ ಮತ್ತೆ ವಯಸ್ಸು ಕೇಳಬಹುದು. ಹೆಚ್ಚಿನವರು ಎಡವುವುದು ಇಲ್ಲಿ, ಅಷ್ಟರಲ್ಲಿ ಫೋನ್ ಮಗುವಿನ ಕೈ ಸೇರಿರುತ್ತದೆ. ಆ ಪುಟ ದಾಟುವವರೆಗೂ ಪಕ್ಕದಲ್ಲೇ ಕೂತಿರಿ.

‘ಫ್ರೀ ಡೈಮಂಡ್’ (ಗೇಮ್ ಒಳಗಿನ ನಾಣ್ಯ) ಕೊಡುತ್ತೇವೆ ಎನ್ನುವ, ಪ್ಲೇ ಸ್ಟೋರ್ ಹೊರಗಿಂದ ಬರುವ ಎಪಿಕೆ ಫೈಲ್‌ಗಳನ್ನು, ಅಂದರೆ ಆ್ಯಪ್ ಹಾಕುವ ಫೈಲ್‌ಗಳನ್ನು, ಹತ್ತಿರಕ್ಕೂ ಬಿಟ್ಟುಕೊಳ್ಳಬೇಡಿ.

ಮುಂದಿನದು ಸುಲಭ. ಫ್ಯಾಮಿಲಿ ಲಿಂಕ್‌ನಲ್ಲಿ ಎಲ್ಲ ಖರೀದಿಗೂ ನಿಮ್ಮ ಅನುಮತಿ ಬೇಕು ಎಂದು ಆರಿಸಿ. ಗೇಮ್ ಒಳಗಿನ ಚಾಟ್ ಮುಚ್ಚಿ. ಆದರೆ ಆ ಅನುಮತಿ ಕೇಳುವುದು ಪ್ಲೇ ಸ್ಟೋರ್ ಮೂಲಕ ಹಣ ಕಟ್ಟಿದಾಗ ಮಾತ್ರ. ಬೇರೆ ವೆಬ್‌ಸೈಟಿನಲ್ಲಿ ಯುಪಿಐನಿಂದ ಗೇಮ್‌ಗೆ ಹಣ ತುಂಬಿದರೆ (ಟಾಪ್-ಅಪ್) ನಿಮ್ಮನ್ನು ಯಾರೂ ಕೇಳುವುದಿಲ್ಲ. ಕಾಫಿ ಕೊಯ್ಲಿನ ದಿನಗಳಲ್ಲಿ ಆಲೂರು, ಸಕಲೇಶಪುರದ ಕಡೆ ದೊಡ್ಡವರು ಸಂಜೆವರೆಗೆ ತೋಟದಲ್ಲಿ, ಫೋನ್ ಮನೆಯಲ್ಲಿ. ಯುಪಿಐ ಪಿನ್ ಮಕ್ಕಳಿಗೆ ಬಾಯಿಪಾಠ. ಇವತ್ತೇ ಬದಲಿಸಿ, ತಾನಾಗಿಯೇ ಹಣ ಕಡಿತವಾಗುವ ಆಟೋಪೇ ಪಟ್ಟಿಯನ್ನೂ ಒಮ್ಮೆ ನೋಡಿ.

ಗೆದ್ದರೆ ಹಣ ಸಿಗುತ್ತದೆ ಎಂದು ಹಣ ಕಟ್ಟಿಸಿ ಆಡಿಸುವ ಗೇಮ್‌ಗಳನ್ನು 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಎಲ್ಲ ವಯಸ್ಸಿನವರಿಗೂ ನಿಷೇಧಿಸಿದೆ. ಆಡಿಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಆಡಿದವರಿಗೆ ಶಿಕ್ಷೆಯಿಲ್ಲ. ಮಗನ ಮೇಲೆ ಕೇಸು ಬೀಳುತ್ತದೆ ಎಂದು ಹೆದರಿ ಸುಮ್ಮನಿರಬೇಡಿ. ಮೋಸದಿಂದ ಹಣ ಹೋಗಿದ್ದರೆ ಗೇಮ್ ಅಳಿಸುವ ಮೊದಲು ಸ್ಕ್ರೀನ್‌ಶಾಟ್ ತೆಗೆದು, ವಹಿವಾಟಿನ ಸಂಖ್ಯೆ ಬರೆದುಕೊಂಡು ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಚಾಟ್‌ನಲ್ಲಿ ಯಾರಾದರೂ ಮಗುವಿನ ಫೋಟೊ ಕೇಳಿದ್ದರೆ 1098 ಇದೆ, ಅದು ಮಕ್ಕಳ ಸಹಾಯವಾಣಿ.