ಮನೆಗೆ ಒಂದು ರೂಮು, ಸಿಟ್‌ಔಟು, ಡೆಕ್ಕು ಸೇರಿಸೋಕೆ ಮುಂಚೆ: ಮಲೆನಾಡು ಕಡೆಯವ್ರು ತಿಳ್ಕೊಳ್ಬೇಕಾದ ಪರ್ಮಿಷನ್ ವಿಷ್ಯ

ದೀಪಾವಳಿ ಕಳೆದು ಮಳೆ ನಿಂತ್ರೆ ಸಾಕು, ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಮೇಸ್ತ್ರಿಗಳು ಫೋನಿಗೂ ಸಿಗಲ್ಲ, ಯಾಕಂದ್ರೆ ಮುಂದಿನ ಮಳೆಗಾಲದೊಳಗೆ ಎಲ್ಲರ ಕೆಲ್ಸಾನೂ ಮುಗೀಬೇಕು. ಆ ಅವಸರದಲ್ಲಿ ಜನ ಮೊದ್ಲು ಮೇಸ್ತ್ರಿನ ಹುಡುಕ್ತಾರೆ, ಆಮೇಲೆ ಸಿಮೆಂಟು ಕಬ್ಬಿಣ ತರಿಸ್ತಾರೆ, ಪರ್ಮಿಷನ್ ಅನ್ನೋದು ನೆನಪಾಗೋದು ಪಿಲ್ಲರ್ ಎದ್ದು ಪಕ್ಕದ ಮನೆಯವ್ರು ಅರ್ಜಿ ಕೊಟ್ಟ ಮೇಲೆ. ಆಗ ಓಡಾಡೋದಕ್ಕಿಂತ ಸೆಪ್ಟೆಂಬರ್, ಅಕ್ಟೋಬರಲ್ಲೇ, ಮಳೆ ಇನ್ನೂ ಹೊಯ್ತಿರುವಾಗ್ಲೇ ಕಾಗದದ ಕೆಲ್ಸ ಶುರು ಮಾಡೋದು ಒಳ್ಳೇದು.

ಎಲ್ಲಕ್ಕಿಂತ ಮೊದ್ಲು ಒಂದು ಮಾತು. "ಬರೀ ಶೀಟ್ ಅಲ್ವಾ", "ಹತ್ತಡಿ ಅಷ್ಟೇ ಅಲ್ವಾ" ಅಂತ ಎಲ್ರೂ ಹೇಳ್ತಾರೆ, ಆದ್ರೆ ಚಿಕ್ಕದು ಅನ್ನೋ ಒಂದೇ ಕಾರಣಕ್ಕೆ ಕಾನೂನಲ್ಲಿ ಬಿಟ್ಟುಬಿಡಲ್ಲ. ಆಫೀಸಲ್ಲಿ ನೋಡೋದು ಬೇರೆ ಮೂರು ವಿಷ್ಯ: ಆ ಜಾಗದ ದಾಖಲೆ ಏನು, ಅದು ಯಾರ ವ್ಯಾಪ್ತಿಗೆ ಬರುತ್ತೆ, ನೀವು ಮಾಡೋ ಕೆಲ್ಸದಿಂದ ಮನೆಯ ಹೊರಗಿನ ಆಕಾರ ಬದಲಾಗುತ್ತಾ ಇಲ್ವಾ. ಈ ಮೂರಕ್ಕೆ ಉತ್ತರ ಸಿಕ್ರೆ ಮುಕ್ಕಾಲು ಕೆಲ್ಸ ಆದಂಗೆ.

ಯಾವುದಕ್ಕೆ ಪರ್ಮಿಷನ್ ಬೇಡ

ಸುಣ್ಣ ಬಣ್ಣ, ಪ್ಲಾಸ್ಟರ್, ನೆಲದ ಟೈಲ್ಸ್ ಬದಲಾಯಿಸೋದು, ಒಡೆದ ಹಂಚು ತೆಗೆದು ಬೇರೆ ಹೊದಿಸೋದು, ಒಳಗೆ ಪಾರ್ಟಿಷನ್ ಹಾಕೋದು, ಫಾಲ್ಸ್ ಸೀಲಿಂಗು, ಕಿಟಕಿ ಬಾಗ್ಲು ಸಣ್ಣಪುಟ್ಟ ಬದಲಾವಣೆ, ನಿಮ್ಮ ಜಾಗದೊಳಗೇ ಇರೋ ಸನ್‌ಶೇಡು, ಗಾರ್ಡನ್ ಕೆಲ್ಸ ಇವುಗಳಿಗೆ ಪರವಾನಗಿ ಬೇಡ ಅಂತ 2016ರ ನ್ಯಾಷನಲ್ ಬಿಲ್ಡಿಂಗ್ ಕೋಡಲ್ಲೇ ಪಟ್ಟಿ ಇದೆ. ಆ ಕೋಡ್ ಒಂದು ಮಾದರಿ ಅಷ್ಟೇ, ಕೊನೆಗೆ ನಡೆಯೋದು ನಿಮ್ಮೂರಿನ ಬೈಲಾ. ನಮ್ಮ ರಾಜ್ಯದ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೇಲೂ ಹೆಚ್ಚುಕಮ್ಮಿ ಇದೇ ಅರ್ಥ ಬರುತ್ತೆ, ಕಟ್ಟಡದ ಹೊರನೋಟ ಗಣನೀಯವಾಗಿ ಬದಲಾಗದ ರಿಪೇರಿ, ಸುಧಾರಣೆಗೆ ಅನುಮತಿ ಬೇಡ ಅಂತ.

ನಮ್ಮ ಕಡೆಯವ್ರು ಎಡವೋದು ಇಲ್ಲೇ. ಹಂಚು ತೆಗೆದು ಶೀಟ್ ಹಾಕೋದು ರಿಪೇರಿ, ಸರಿ. ಆದ್ರೆ ಅದೇ ನೆಪದಲ್ಲಿ ಗೋಡೆ ಮೂರಡಿ ಎತ್ತರಿಸಿ ಒಳಗೆ ಅಟ್ಟ ಮಾಡಿ ಮೆಟ್ಲು ಇಟ್ರೆ ಅದು ಇನ್ನೊಂದು ಮಹಡಿ ಆಯ್ತು. ಶಿವಮೊಗ್ಗ ಸಿಟೀಲಿ ವಿನೋಬನಗರ, ಗೋಪಾಳ ಯಾವ ಕಡೆ ನೋಡಿದ್ರೂ ಟೆರೇಸ್ ಮೇಲೆ ಟ್ರಸ್ ಹಾಕಿ ಶೀಟ್ ಹೊದಿಸಿರ್ತಾರೆ, ಸೋರೋದು ನಿಲ್ಲುತ್ತೆ, ಬಟ್ಟೆ ಒಣಗುತ್ತೆ, ಮಳೆ ಊರಲ್ಲಿ ಅದು ಬೇಕೇ ಬೇಕು. ನಾಲ್ಕೂ ಕಡೆ ತೆರೆದಿದ್ರೆ ಅದನ್ನ ಮಳೆಗೆ ಹಾಕಿದ ಚಾವಣಿ ಅಂತ ವಾದ ಮಾಡ್ಬೋದು, ಅದಕ್ಕೂ ಪಾಲಿಕೇಲಿ ಒಂದ್ಸಲ ಕೇಳೋದು ವಾಸಿ. ಆದ್ರೆ ಆಮೇಲೆ ಎರಡು ಕಡೆ ಇಟ್ಟಿಗೆ ಗೋಡೆ, ಒಂದು ಬಾಗ್ಲು, ಒಂದು ಟಾಯ್ಲೆಟ್ ಬಂದ್ಮೇಲೆ ಅದು ಬಾಡಿಗೆ ಕೊಡೋ ರೂಮೇ, ಪ್ಲಾನ್ ಇಲ್ದೆ ಕಟ್ಟಿದ ಮಹಡಿನೇ.

ಡೆಕ್ಕು, ಸಿಟ್‌ಔಟು, ಕಾರ್ ಶೆಡ್ಡು

ಡೆಕ್ ಅಂದ್ರೆ ಈಗ ಹೋಮ್‌ಸ್ಟೇ ನೋಡಿ ನೋಡಿ ಎಲ್ಲರಿಗೂ ಆಸೆ, ತೋಟದ ಕಡೆ ಮುಖ ಮಾಡಿ ನಾಲ್ಕು ಕಂಬದ ಮೇಲೆ ಮರದ ಹಲಗೆ ಹಾಸಿ ಕಾಫಿ ಕುಡಿಯೋಕೆ ಒಂದು ಜಾಗ. ನೆಲಮಟ್ಟದಲ್ಲಿ ಕಲ್ಲು ಹಾಸಿದ ಕಟ್ಟೆ, ಅಂಗಳಕ್ಕೆ ಇಂಟರ್‌ಲಾಕ್ ಇವುಗಳ ತಂಟೆಗೆ ಸಾಮಾನ್ಯವಾಗಿ ಯಾರೂ ಬರಲ್ಲ. ಕಂಬ ಎದ್ದು, ಮನೆ ಗೋಡೆಗೆ ಬೀಮ್ ಕಚ್ಚಿ, ಮೇಲೆ ಮಾಡು ಬಂತು ಅಂದ್ರೆ ಅದು ಕಟ್ಟಡದ ಭಾಗ ಆಗುತ್ತೆ, ಮರದ್ದೋ ಕಬ್ಬಿಣದ್ದೋ ಅನ್ನೋದು ಇಲ್ಲಿ ಲೆಕ್ಕಕ್ಕೆ ಬರಲ್ಲ.

ಪೇಟೆ ಸೈಟಲ್ಲಿ ಇದಕ್ಕೆ ಅಡ್ಡ ಬರೋದು ಸೆಟ್‌ಬ್ಯಾಕ್. ಮನೆ ಸುತ್ತ ಬಿಟ್ಟಿರೋ ಜಾಗ ಆಕಾಶಕ್ಕೆ ತೆರೆದೇ ಇರ್ಬೇಕು ಅನ್ನೋದು ಅದರ ಉದ್ದೇಶ, ಗಾಳಿ ಬೆಳಕಿಗೆ, ಬೆಂಕಿ ಬಿದ್ರೆ ಓಡಾಡೋಕೆ. ಅಲ್ಲಿ ಕಾರಿಗೆ ಅಂತ ಶೀಟ್ ಇಳಿಸಿ ನೀರು ಪಕ್ಕದ ಮನೆ ಕಾಂಪೌಂಡಿಗೆ ಬೀಳೋ ಹಾಗೆ ಮಾಡಿದ್ರೆ ಮೊದಲ ಜೋರು ಮಳೆಗೇ ಜಗಳ ಶುರು. ಎಷ್ಟು ಅಡಿ ಬಿಡ್ಬೇಕು ಅನ್ನೋದು ಸೈಟಿನ ಅಳತೆ, ರಸ್ತೆ ಅಗಲ ನೋಡಿ ಬದಲಾಗುತ್ತೆ, ಹಾಗಾಗಿ ಪಕ್ಕದ ರಸ್ತೆ ಮನೆಯವ್ರು ಬಿಟ್ಟಿದ್ದನ್ನ ನೋಡಿ ನೀವು ಬಿಡ್ಬೇಡಿ. ನಿಮ್ಮ ಮನೆ ಕಟ್ಟುವಾಗ ಮಂಜೂರಾದ ನಕ್ಷೆ ಹುಡುಕಿ ತೆಗೀರಿ, ಅದರಲ್ಲಿ ನಾಲ್ಕೂ ಕಡೆ ಎಷ್ಟು ಅಂತ ಬರೆದಿರುತ್ತೆ, ಟೇಪ್ ಹಿಡ್ಕೊಂಡು ಈಗ ನಿಜವಾಗ್ಲೂ ಎಷ್ಟು ಉಳಿದಿದೆ ಅಂತ ಅಳೀರಿ. ಎಷ್ಟೋ ಮನೆಗಳಲ್ಲಿ ಮೊದಲು ಕಟ್ಟುವಾಗ್ಲೇ ಅದನ್ನ ತಿಂದು ಹಾಕಿರ್ತಾರೆ, ಹೊಸ ಅರ್ಜಿ ಕೊಟ್ಟಾಗ ಆ ಹಳೇದೂ ಹೊರಗೆ ಬರುತ್ತೆ, ಅದನ್ನ ಮೊದ್ಲೇ ತಿಳ್ಕೊಂಡು ಎಂಜಿನಿಯರ್ ಹತ್ರ ಬಿಚ್ಚಿ ಮಾತಾಡಿ.

ಯಾರ ಹತ್ರ ಹೋಗ್ಬೇಕು

ಶಿವಮೊಗ್ಗ ನಗರದೊಳಗೆ ಮಹಾನಗರ ಪಾಲಿಕೆ, ಅಲ್ಲಿ ನಡೆಯೋದು 1976ರ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆ, ಕಟ್ಟೋಕೆ ಅರ್ಜಿ ಕೊಡೋದು ಅದರ 299ನೇ ಸೆಕ್ಷನ್ ಪ್ರಕಾರ. ಭದ್ರಾವತಿ, ಸಾಗರ ನಗರಸಭೆ, ಶಿಕಾರಿಪುರ ಪುರಸಭೆ, ಹೊಸನಗರದ ಪಟ್ಟಣ ಪಂಚಾಯ್ತಿ ಇಂಥ ಕಡೆ 1964ರ ಪುರಸಭೆಗಳ ಕಾಯ್ದೆ, 187ನೇ ಸೆಕ್ಷನ್. ಹಳ್ಳೀಲಿ ಗ್ರಾಮ ಪಂಚಾಯ್ತಿ, 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಸೆಕ್ಷನ್. ಹಳ್ಳೀಲಿ ಯಾರ ಪರ್ಮಿಷನ್ನೂ ಬೇಡ ಅನ್ನೋ ನಂಬಿಕೆ ಬಹಳ ಜನಕ್ಕಿದೆ, ಅದು ತಪ್ಪು, ಅಲ್ಲೂ ಲೈಸೆನ್ಸ್ ಬೇಕು. ಇನ್ನು ಶಿವಮೊಗ್ಗ, ಭದ್ರಾವತಿ ಸುತ್ತಮುತ್ತಲ ಹಳ್ಳಿಗಳು ಸೂಡಾ, ಅಂದ್ರೆ ಇಲ್ಲಿನ ನಗರಾಭಿವೃದ್ಧಿ ಪ್ರಾಧಿಕಾರದ ವ್ಯಾಪ್ತಿಗೆ ಬರ್ಬೋದು, ಪಂಚಾಯ್ತಿಯವ್ರೇ ಅದನ್ನ ಹೇಳ್ತಾರೆ. ಮನೆ ಹೊನ್ನಾವರ ಕಡೆ ಹೋಗೋ 69ನೇ ಹೆದ್ದಾರಿ, ತೀರ್ಥಹಳ್ಳಿ ಮೇಲೆ ಹೋಗೋ 169 ಪಕ್ಕ ಇದ್ರೆ ರಸ್ತೆಯಿಂದ ಬಿಡಬೇಕಾದ ಅಂತರ ಬೇರೇನೇ ಇರುತ್ತೆ, ರಸ್ತೆ ಅಗಲ ಮಾಡುವಾಗ ಮೊದ್ಲು ಹೋಗೋದು ಮುಂದೆ ಇಳಿಸಿದ ಶೀಟೇ, ಅದಕ್ಕೆ ಮುಂಭಾಗಕ್ಕೆ ದುಡ್ಡು ಸುರಿಯೋ ಮುಂಚೆ ಆ ಅಂತರ ಕೇಳಿಕೊಳ್ಳಿ.

ಜಾಗದ ದಾಖಲೆ, ಮಲೆನಾಡಿನ ದೊಡ್ಡ ತಲೆನೋವು

ನನ್ನ ಪ್ರಕಾರ ಪ್ಲಾನಿಗಿಂತ ಇದು ಮುಖ್ಯ. ಊರೊಳಗಿನ ಮನೆಯಾದ್ರೆ ಇ-ಸ್ವತ್ತಿನಲ್ಲಿ, ಅಂದ್ರೆ ಪಂಚಾಯ್ತಿಯ ಆನ್‌ಲೈನ್ ಆಸ್ತಿ ದಾಖಲೇಲಿ, ನಮೂನೆ 9 ಮತ್ತು 11ಎ ಇದ್ಯಾ ನೋಡಿ. 11ಬಿ ಇದ್ರೆ ತೆರಿಗೆ ಕಟ್ತಿದೀರಿ ಅಂತ ಅರ್ಥ, ಜಾಗ ಪೂರ್ತಿ ಸಕ್ರಮ ಅಂತ ಅರ್ಥ ಅಲ್ಲ, ಲೈಸೆನ್ಸಿಗೆ ತೊಂದ್ರೆ ಆಗುತ್ತೆ. ಪೇಟೇಲಿ ಆದ್ರೆ ಇ-ಆಸ್ತಿಯ ಖಾತೆ ನೋಡಿ.

ತೋಟದ ಮನೆ ಆದ್ರೆ ಕಥೆ ಬೇರೆ. ಕೃಷಿ ಜಮೀನಲ್ಲಿ ಸ್ವಂತ ವ್ಯವಸಾಯಕ್ಕೆ ಬೇಕಾದ ಕೊಟ್ಟಿಗೆ, ಅಡಿಕೆ ಇಡೋ ಮನೆ, ವಾಸಕ್ಕೆ ಫಾರ್ಮ್‌ಹೌಸು ಇವುಗಳನ್ನ 1964ರ ಭೂ ಕಂದಾಯ ಕಾಯ್ದೆಯ 95ನೇ ಸೆಕ್ಷನ್ ಪ್ರಕಾರ ಕನ್ವರ್ಷನ್ (ಭೂ ಪರಿವರ್ತನೆ) ಇಲ್ದೆ ಮಾಡ್ಬೋದು, ಫಾರ್ಮ್‌ಹೌಸ್ ಹಿಡುವಳಿಯ ಶೇಕಡಾ 10 ದಾಟಬಾರ್ದು. ಅದೇ ಮನೆಗೆ ಎರಡು ರೂಮು ಒಂದು ಡೆಕ್ಕು ಸೇರಿಸಿ ಟೂರಿಸ್ಟ್‌ಗಳಿಗೆ ಬಾಡಿಗೆ ಕೊಡೋಕೆ ಶುರು ಮಾಡಿದ್ರೆ ಅದು ಕೃಷಿ ಬಳಕೆ ಆಗಿ ಉಳಿಯಲ್ಲ, ಕನ್ವರ್ಷನ್ ಪ್ರಶ್ನೆ ಬರುತ್ತೆ. ಹೋಮ್‌ಸ್ಟೇ ಯೋಚ್ನೆ ಇದ್ರೆ ಅದನ್ನ ಮೊದಲ ದಿನವೇ ಎಂಜಿನಿಯರಿಗೆ ಹೇಳಿ, ಮನೆಯವ್ರಿಗೆ ಅಂತ ಪ್ಲಾನ್ ಮಾಡಿಸಿ ಆಮೇಲೆ ಬೋರ್ಡ್ ಹಾಕೋದು ಬೇಡ.

94ಸಿ ಹಕ್ಕುಪತ್ರದ, ಅಂದ್ರೆ ಸರ್ಕಾರಿ ಜಾಗದಲ್ಲಿ ಕಟ್ಟಿ ಆಮೇಲೆ ಸಕ್ರಮ ಆದ ಮನೆಗಳಲ್ಲಿ ಇರೋರು ಹಕ್ಕುಪತ್ರದಲ್ಲಿರೋ ಅಳತೆ ಮತ್ತು ಚಕ್ಕುಬಂದಿ ಓದಿ, ನಿಮ್ಮದು ಅಷ್ಟೇ, ಅದರಾಚೆ ಒಂದಡಿ ಹೋದ್ರೂ ಅದು ಸರ್ಕಾರಿ ಜಾಗ. ತೋಟಕ್ಕೆ ಸೊಪ್ಪು ತರೋ ಸೊಪ್ಪಿನ ಬೆಟ್ಟದ ವಿಷ್ಯಾನೂ ಹಾಗೇ, ತಲತಲಾಂತರದಿಂದ ಸೊಪ್ಪು, ದರಕು (ಒಣಗಿದ ಎಲೆ) ತರ್ತಿದ್ರೂ ನಮಗಿರೋದು ಬಳಸೋ ಹಕ್ಕು, ಜಮೀನು ಸರ್ಕಾರದ್ದು, ಹಿತ್ಲ ಬೇಲಿ ದಾಟಿ ಬೆಟ್ಟದೊಳಗೆ ಬಾತ್‌ರೂಮು, ಶೆಡ್ಡು ಅಂತ ಕಟ್ಟಬೇಡಿ. ಸರ್ವೆ ಗಡಿ ಬಗ್ಗೆ ಚೂರು ಅನುಮಾನ ಇದ್ರೂ ಪಾಯ ತೆಗೆಯೋ ಮುಂಚೆ ಹದ್ದುಬಸ್ತು ಅಳತೆ ಮಾಡಿಸಿ.

ಪಶ್ಚಿಮ ಘಟ್ಟದ ಪರಿಸರ ರಕ್ಷಣೆಯ ಕಸ್ತೂರಿರಂಗನ್ ವರದಿ ಜಾರಿಗೆ ಬಂದ್ರೆ ಹಳೇ ಮನೆ ರಿಪೇರಿನೂ ಮಾಡೋಕಾಗಲ್ವಂತೆ ಅಂತ ಹೊಸನಗರ, ತೀರ್ಥಹಳ್ಳಿ ಕಡೆ ಜನ ಭಯ ಪಡ್ತಾರೆ. 2024ರ ಜುಲೈ 31ಕ್ಕೆ ಕೇಂದ್ರ ಹೊರಡಿಸಿದ ಪಶ್ಚಿಮ ಘಟ್ಟದ ಕರಡು ಅಧಿಸೂಚನೇಲಿ ನಿಷೇಧದ ಮಾತಿರೋದು 20 ಸಾವಿರ ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಕಟ್ಟಡಗಳಿಗೆ, ಈಗಿರೋ ವಾಸದ ಮನೆ ರಿಪೇರಿ ವಿಸ್ತರಣೆಗೆ ಅಡ್ಡಿ ಇಲ್ಲ, ಜಾರಿಯಲ್ಲಿರೋ ಕಾನೂನು ಪಾಲಿಸಿದ್ರೆ ಸಾಕು. ಶೆಟ್ಟಿಹಳ್ಳಿ, ಶರಾವತಿ ಕಣಿವೆ ಅಭಯಾರಣ್ಯಗಳ ಒಳಗೆ ಅಂಚಿಗೆ ಇರೋರು ಮಾತ್ರ ಅರಣ್ಯ ಇಲಾಖೆ ಹತ್ರ ಬೇರೆಯಾಗೇ ವಿಚಾರಿಸ್ಬೇಕು, ಅಲ್ಲಿ ಲೆಕ್ಕ ಬಿಗಿ.

ಅರ್ಜಿ ಕೊಡೋದು ಹೇಗೆ

ನಗರ ಪಟ್ಟಣಗಳಲ್ಲಿ ಈಗ ಎಲ್‌ಬಿಪಿಎಎಸ್ ಅನ್ನೋ, ನಕ್ಷೆ ಮಂಜೂರಾತಿಯ ಆನ್‌ಲೈನ್ ವ್ಯವಸ್ಥೇಲಿ ನೋಂದಾಯಿತ ಎಂಜಿನಿಯರ್ ಅಥವಾ ಆರ್ಕಿಟೆಕ್ಟ್ ಮೂಲಕ ಪ್ಲಾನ್ ಹಾಕ್ಬೇಕು. ಹಳ್ಳೀಲಿ ಪಂಚಾಯ್ತಿಯ ಬಾಪೂಜಿ ಸೇವಾ ಕೇಂದ್ರದಲ್ಲಿ ಅರ್ಜಿ ಕೊಟ್ಟು ಪಿಡಿಓ ಹತ್ರ ಮಾತಾಡಿ. ಕ್ರಯಪತ್ರ ಅಥವಾ ಹಕ್ಕುಪತ್ರ, ಖಾತೆ, ಈ ವರ್ಷದ ಕಂದಾಯ ರಸೀದಿ, ಹಳೇ ಲೈಸೆನ್ಸು ಮತ್ತು ನಕ್ಷೆ, ಹೊಸ ನಕ್ಷೆ, ಗುರುತಿನ ಚೀಟಿ ಇಷ್ಟು ಹೆಚ್ಚುಕಮ್ಮಿ ಎಲ್ಲಾ ಕಡೆ ಕೇಳ್ತಾರೆ. ಜಾಗ ಅಣ್ಣತಮ್ಮಂದ್ರ ಜಂಟಿ ಹೆಸರಲ್ಲಿದ್ರೆ ಎಲ್ಲರ ಸಹಿ ಮೊದ್ಲೇ ತಗೊಳ್ಳಿ, ಬೆಂಗಳೂರಲ್ಲಿರೋ ತಮ್ಮ ಹಬ್ಬಕ್ಕೆ ಊರಿಗೆ ಬಂದಾಗ್ಲೇ ಮುಗಿಸ್ಬಿಡಿ. ಹೊಸ ನಕ್ಷೇಲಿ ಇರೋದು ಯಾವುದು ಸೇರಿಸೋದು ಯಾವುದು ಅಂತ ಬೇರೆ ಬೇರೆ ಬಣ್ಣದಲ್ಲಿ ತೋರಿಸೋಕೆ ಹೇಳಿ, ಪರಿಶೀಲನೆಗೆ ಬರೋರಿಗೂ ಸಲೀಸು.

ಅರ್ಜಿ ಕೊಟ್ಟಾಗ ಸಕಾಲದ ಜಿಎಸ್‌ಸಿ ನಂಬರ್ (ಅರ್ಜಿಯ ಗುರುತಿನ ಸಂಖ್ಯೆ) ಇರೋ ಸ್ವೀಕೃತಿ ಕೇಳಿ ತಗೊಳ್ಳಿ, ಬಾಯಿಮಾತಿನ "ಮಾಡಿ ಪರವಾಗಿಲ್ಲ" ಅನ್ನೋದು ನಾಳೆ ಆಫೀಸರ್ ಬದಲಾದ್ರೆ ನಿಲ್ಲಲ್ಲ. ಶುಲ್ಕ ಏನಿದ್ರೂ ಚಲನ್ ಮೂಲಕವೇ ಕಟ್ಟಿ. ಲೇಬರ್ ಸೆಸ್ ಅಂತ ಶೇಕಡಾ 1 ಹಾಕಿದ್ರೆ ಒಂದು ವಿಷ್ಯ ಗೊತ್ತಿರ್ಲಿ, 2025ರ ನವೆಂಬರಲ್ಲಿ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆ ಪ್ರಕಾರ ಸ್ವಂತ ವಾಸದ ಮನೆಗೆ ಕಟ್ಟೋ ಖರ್ಚು 50 ಲಕ್ಷ ದಾಟದಿದ್ರೆ ಆ ಸೆಸ್ ನಿಮಗೆ ಬರಲ್ಲ, ಮುಂಚೆ ಆ ಮಿತಿ 10 ಲಕ್ಷ ಇತ್ತು, ಎಂಜಿನಿಯರ್ ಎಸ್ಟಿಮೇಟ್ ಜೊತೆ ಇಟ್ಟು ಕೇಳಿ.

ಮೇಲೆ ಮಹಡಿ ಹಾಕೋರಿಗೆ ಒಂದು ಮಾತು. ಹಳೇ ಕೆಂಪು ಕಲ್ಲಿನ ಗೋಡೆ, ಮಣ್ಣಿನ ಗೋಡೆ ಮೇಲೆ ಸ್ಲ್ಯಾಬ್ ಕೂರಿಸೋಕೆ ಮೇಸ್ತ್ರಿ ಒಪ್ಪಿದ್ರೂ ನೀವು ಒಪ್ಪಬೇಡಿ, ಸ್ಟ್ರಕ್ಚರಲ್ ಎಂಜಿನಿಯರ್ ಬಂದು ಪಾಯ ನೋಡ್ಲಿ.

ಧರೆ, ಗುಂಡಿ, ಮರ

ಪರ್ಮಿಷನ್ ಕಾಗದದಲ್ಲಿ ದೊಡ್ಡದಾಗಿ ಕಾಣದೆ ಇದ್ರೂ ನಮ್ಮ ಕಡೆ ಜೀವ ತೆಗೆಯೋದು ಧರೆ, ಅಂದ್ರೆ ಮನೆ ಪಕ್ಕದ ಗುಡ್ಡದ ಮಣ್ಣಿನ ದಿಬ್ಬ. ಹಿಂದೆ ಒಂದು ರೂಮಿಗೆ ಜಾಗ ಸಾಲ್ದು ಅಂತ ಜೆಸಿಬಿ ತಂದು ಧರೆಯನ್ನ ನೆಟ್ಟಗೆ ಕಡಿದು ಅದರ ಬುಡಕ್ಕೇ ಗೋಡೆ ಕಟ್ತಾರೆ, ಬೇಸಿಗೇಲಿ ಅದು ಬಂಡೆ ತರ ನಿಂತಿರುತ್ತೆ, ಆಗುಂಬೆ ಕಡೆ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟೋ ಮಳೆ ಬೀಳೋ ಸೀಮೆ ನಮ್ದು, ಜುಲೈಲಿ ನೀರು ಕುಡಿದು ಭಾರ ಆದ್ಮೇಲೆ ಅದೇ ಧರೆ ಮಲಗೋ ಕೋಣೆ ಮೇಲೆ ಬೀಳುತ್ತೆ. ಧರೆಗೂ ಗೋಡೆಗೂ ಮಧ್ಯೆ ಅಂತರ ಬಿಡಿ, ಒಂದೇ ಸಲ ನೆಟ್ಟಗೆ ಕಡಿಯದೆ ಮೆಟ್ಟಿಲು ಮೆಟ್ಟಿಲಾಗಿ ಕಡೀರಿ, ಮೇಲಿನ ನೀರು ಪಕ್ಕಕ್ಕೆ ಹೋಗೋ ಹಾಗೆ ಕಾಲುವೆ ಮಾಡಿ, ರಿಟೈನಿಂಗ್ ವಾಲ್ ಕಟ್ಟಿದ್ರೆ ನೀರು ಬಸಿಯೋಕೆ ಪೈಪ್ ಬಿಡ್ಲೇಬೇಕು. ಡೆಕ್ಕನ್ನ ಇಳಿಜಾರಿನ ಕಡೆ ಚಾಚೋರು ಕಂಬದ ಪಾಯ ತುಂಬಿದ ಮಣ್ಣಲ್ಲಿ ನಿಲ್ಲಿಸ್ಬೇಡಿ, ಗಟ್ಟಿ ನೆಲ ಸಿಗೋವರೆಗೂ ಇಳೀರಿ.

ಟಾಯ್ಲೆಟ್ ಸೇರಿಸ್ತಿದ್ರೆ ಇಂಗುಗುಂಡಿ ಕುಡಿಯೋ ನೀರಿನ ಬಾವಿಯಿಂದ ಕನಿಷ್ಠ 18 ಮೀಟರ್ ದೂರ ಇರ್ಬೇಕು, ನಮ್ಮ ಜಂಬಿಟ್ಟಿಗೆ ಮಣ್ಣಲ್ಲಿ ನೀರು ಬೇಗ ಹರಿಯೋದ್ರಿಂದ ಇನ್ನೂ ದೂರ ಆದ್ರೆ ವಾಸಿ, ಪಕ್ಕದ ಮನೆ ಬಾವೀನೂ ಲೆಕ್ಕಕ್ಕೆ ತಗೊಳ್ಳಿ.

ಡೆಕ್ಕಿಗೆ ಮನೆ ಹಿಂದಿನ ಮರಾನೇ ಕಡಿಸೋಣ ಅಂದ್ಕೊಂಡ್ರೆ ಮೊದ್ಲು ವಲಯ ಅರಣ್ಯಾಧಿಕಾರಿ ಕಚೇರಿ. 1976ರ ವೃಕ್ಷ ಸಂರಕ್ಷಣಾ ಕಾಯ್ದೇಲಿ ತೆಂಗು, ರಬ್ಬರ್, ಸಿಲ್ವರ್ ಓಕ್ ತರದ ಕೆಲವಕ್ಕೆ ಅನುಮತಿ ಬೇಡ, ಬೀಟೆ, ಹೊನ್ನೆ, ಮತ್ತಿ ಅಂಥವನ್ನ ಸ್ವಂತ ಜಮೀನಲ್ಲಿದ್ರೂ ಹೇಳದೆ ಕಡೀಬಾರ್ದು. ಹಲಗೆನ ಸಾಮಿಲ್ಲಲ್ಲಿ ತಗೊಂಡ್ರೆ ಬಿಲ್ ಜೋಪಾನ ಮಾಡಿ.

ಈಗಾಗ್ಲೇ ಕಟ್ಟಿಬಿಟ್ಟಿದ್ರೆ

ನೋಟಿಸ್ ಬಂದ್ರೆ ಹೆದರಿ ಸುಮ್ನೆ ಇರ್ಬೇಡಿ, ಹೇಳಿದ ದಿನದೊಳಗೆ ಬರವಣಿಗೇಲಿ ಉತ್ತರ ಕೊಡಿ. ಪಾಲಿಕೆ ವ್ಯಾಪ್ತೀಲಿ 321ನೇ ಸೆಕ್ಷನ್ ಪ್ರಕಾರ ಮೊದ್ಲು ತಾತ್ಕಾಲಿಕ ಆದೇಶ, ನಿಮ್ಮ ಉತ್ತರ ಕೇಳಿದ ಮೇಲೆ ಅಂತಿಮ ಆದೇಶ, ಮಧ್ಯದ ಆ ಅವಕಾಶ ಕಳ್ಕೊಂಡವ್ರದ್ದೇ ಜಾಸ್ತಿ ಒಡೆಯೋದು. ಕಟ್ಟಿದ್ದು ಬೈಲಾ ಒಳಗೇ ಇದ್ರೆ ಎಂಜಿನಿಯರಿಂದ ಈಗಿರೋ ಹಾಗೆ ನಕ್ಷೆ ಬರೆಸಿ ಮಂಜೂರಾತಿ ಕೇಳ್ಬೋದು. ಅಕ್ರಮ ಸಕ್ರಮ ಬರುತ್ತೆ ಆಗ ಮಾಡಿಸೋಣ ಅಂತ ಮಾತ್ರ ಕಾಯ್ಬೇಡಿ, ಆ ಕಟ್ಟಡಗಳ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರೀಲೇ ತಡೆ ಕೊಟ್ಟಿದೆ.

2024ರ ಡಿಸೆಂಬರ್ 17ರ ಸುಪ್ರೀಂ ಕೋರ್ಟ್ ತೀರ್ಪಾದ್ಮೇಲೆ ಸ್ವಾಧೀನ ಪತ್ರ (ಆಕ್ಯುಪೆನ್ಸಿ ಸರ್ಟಿಫಿಕೇಟ್) ಇಲ್ದೆ ಹೊಸ ಕರೆಂಟ್ ಸಂಪರ್ಕ ಕೊಡೋದೂ ಬಿಗಿಯಾಗಿದೆ, ಮೇಲಿನ ರೂಮಿಗೆ ಬಾಡಿಗೆಯವ್ರಿಗೆ ಅಂತ ಬೇರೆ ಮೀಟರ್ ಬೇಕು ಅನ್ನೋರು ಮೆಸ್ಕಾಂ ಆಫೀಸಲ್ಲಿ ಏನೇನು ಕಾಗದ ಕೇಳ್ತಾರೆ ಅಂತ ಕಟ್ಟೋ ಮುಂಚೆನೇ ತಿಳ್ಕೊಳ್ಳಿ. ಕೆಲ್ಸ ಮುಗಿದ ಮೇಲೆ ಹೊಸ ಅಳತೆನ ಖಾತೇಲಿ ಸೇರಿಸಿ ಕಂದಾಯ ಪರಿಷ್ಕರಣೆ ಮಾಡಿಸಿ, ಲೈಸೆನ್ಸು, ನಕ್ಷೆ, ಚಲನ್ ಎಲ್ಲಾ ಸ್ಕ್ಯಾನ್ ಮಾಡಿ ಮನೆಯ ಇನ್ನೊಬ್ಬರ ಫೋನಲ್ಲೂ ಇಡಿ, ಬ್ಯಾಂಕ್ ಲೋನಿಗೋ ಪಾಲಿಗೋ ಮುಂದೆ ಯಾವತ್ತಾದ್ರೂ ಕೇಳೋದು ಅದನ್ನೇ.