ಎಮರ್ಜೆನ್ಸಿ ಡಿಸೆಂಟ್: ಕೈ ಮೊದಲು ಮಾಸ್ಕಿಗೆ ಹೋಗಲಿ

ನಾನು ಚಿಕ್ಕಮಗಳೂರಿನವನು, ಏರ್‌ಬಸ್ ಎ320 ಹಾರಿಸುತ್ತೇನೆ. ಊರಿಗೆ ಬಂದಾಗ ಪೈಲಟ್ ತರಬೇತಿಯಲ್ಲಿರುವ ಹುಡುಗರು ಎಮರ್ಜೆನ್ಸಿ ಡಿಸೆಂಟ್, ಅಂದರೆ ಕ್ಯಾಬಿನ್ ಒತ್ತಡ ಹೋದಾಗ ವಿಮಾನವನ್ನು ಬೇಗ ಕೆಳಕ್ಕಿಳಿಸುವುದರ ಬಗ್ಗೆ ಕೇಳುತ್ತಾರೆ. ನಾನು ಮಾಡುವ ರೀತಿ ಬರೆಯುತ್ತೇನೆ.

35,000 ಅಡಿಯಲ್ಲಿ ಕ್ಯಾಬಿನ್ ಒತ್ತಡ ಹೋದರೆ ತಲೆ ಸರಿಯಾಗಿ ಓಡುವುದು 30ರಿಂದ 60 ಸೆಕೆಂಡ್ ಅಷ್ಟೇ. ಅದಕ್ಕೇ ಮೊದಲು ಮಾಸ್ಕ್. ಕೆಂಪು ಹಿಡಿ ಒತ್ತಿ ಎಳೆದರೆ ಪಟ್ಟಿ ಉಬ್ಬುತ್ತದೆ, ತಲೆಗೆ ಹಾಕಿ ಬಿಟ್ಟರೆ ಮುಖಕ್ಕೆ ಕಚ್ಚಿಕೊಳ್ಳುತ್ತದೆ. ತಕ್ಷಣ ಪಕ್ಕದ ಪೈಲಟ್‌ಗೆ ನನ್ನ ಮಾತು ಕೇಳಿಸ್ತಾ ಅಂತ ನೋಡುತ್ತೇನೆ. ಮಾಸ್ಕಿನೊಳಗೆ ಉಸಿರಿನ ಸದ್ದೇ ಜೋರು, ಹಾಗಾಗಿ ಮಾತು ಚಿಕ್ಕದಾಗಿರಬೇಕು.

ಆಮೇಲೆ ಎದುರಿನ ಪ್ಯಾನೆಲ್‌ನಲ್ಲಿ ಕೈ ಬಲದಿಂದ ಎಡಕ್ಕೆ ಓಡುತ್ತದೆ: ಆಲ್ಟಿಟ್ಯೂಡ್ (ಎತ್ತರ) ಗುಂಡಿ ತಿರುಗಿಸಿ ಎಳಿ, ಹೆಡಿಂಗ್ (ದಿಕ್ಕು) ತಿರುಗಿಸಿ ಎಳಿ, ಸ್ಪೀಡ್ ಎಳಿ. ಥ್ರಸ್ಟ್ ಐಡಲ್ (ಎಂಜಿನ್ ಬಲ ಕನಿಷ್ಠಕ್ಕೆ), ರೆಕ್ಕೆ ಮೇಲೆ ಏಳುವ ಸ್ಪೀಡ್‌ಬ್ರೇಕ್ ಪೂರ್ತಿ. ಮೊದಲು ಇಳಿಯಲು ಶುರುವಾಗಲಿ, ಅಂಕಿ ಆಮೇಲೆ ಸರಿಮಾಡಿದರಾಯಿತು. ಪಕ್ಕದವರು ರೇಡಿಯೋದಲ್ಲಿ ಮೇಡೇ (ಅಪಾಯದ ಕರೆ) ಹೇಳಿ, ರೇಡಾರ್‌ನಲ್ಲಿ ತುರ್ತು ಅಂತ ತೋರಿಸುವ ಕೋಡ್ 7700 ಹಾಕುತ್ತಾರೆ. ವಿಮಾನದ ಮೈಗೆ ಪೆಟ್ಟಾಗಿದೆ ಅಂತ ಅನುಮಾನ ಇದ್ದರೆ ವೇಗ ಜಾಸ್ತಿ ಮಾಡಬಾರದು.

ಮಾಸ್ಕ್ ಇಲ್ಲದೆ ಉಸಿರಾಡಬಹುದಾದ 10,000 ಅಡಿಗೆ ಇಳಿಯಬೇಕು ಅಂತ ಬಾಯಿಪಾಠ ಮಾಡಿದವರಿಗೆ ನನ್ನದೊಂದು ಪ್ರಶ್ನೆ: ಕೆಳಗೆ ಏನಿದೆ? ಕರ್ನಾಟಕದಲ್ಲೇ ಎತ್ತರದ ನಮ್ಮ ಮುಳ್ಳಯ್ಯನಗಿರಿ ಸುಮಾರು 6,300 ಅಡಿ, ಅದರ ಮೇಲೆ ಹಾರುವಾಗ 10,000ಕ್ಕೆ ಇಳಿದರೆ ತೊಂದರೆ ಇಲ್ಲ. ಲೇಹ್ ದಾರಿಯಲ್ಲಿ ಶಿಖರಗಳೇ 20,000 ಅಡಿ ದಾಟುತ್ತವೆ, ಪ್ರಯಾಣಿಕರ ಮಾಸ್ಕಿನ ಆಮ್ಲಜನಕ ಸಾಮಾನ್ಯವಾಗಿ ಕಾಲು ಗಂಟೆ ಆಸುಪಾಸು ಬರುತ್ತದೆ, ಹಾಗಾಗಿ ಯಾವ ಜಾಗದಲ್ಲಿ ಯಾವ ಕಡೆ ತಿರುಗಬೇಕು ಅನ್ನುವುದನ್ನು ಹೊರಡುವ ಮೊದಲೇ ನೋಡಿಟ್ಟುಕೊಂಡಿರಬೇಕು, ಅಲ್ವಾ?

ನನಗೆ ಜಾಸ್ತಿ ಭಯ ಇರುವುದು ನಿಧಾನವಾಗಿ ಒತ್ತಡ ಇಳಿಯುವುದರದ್ದು. 2005ರ ಆಗಸ್ಟ್ 14ರಂದು ಸೈಪ್ರಸ್‌ನ ಹೀಲಿಯೋಸ್ ಕಂಪನಿಯ 522 ವಿಮಾನದಲ್ಲಿ ಒತ್ತಡದ ಸ್ವಿಚ್ ಆಟೋ ಬದಲು ಮ್ಯಾನ್ಯುಯಲ್‌ನಲ್ಲೇ ಉಳಿದಿತ್ತು, ಹಾಗಾಗಿ ಏರುತ್ತಾ ಹೋದಂತೆ ಒತ್ತಡ ಇಳಿಯಿತು. ಹಾರ್ನ್ ಬಡಿಯಿತು, ಅದೇ ಸದ್ದು ಟೇಕಾಫ್ ಎಚ್ಚರಿಕೆಗೂ ಇದ್ದದ್ದರಿಂದ ಪೈಲಟ್‌ಗಳು ಬೇರೆ ಏನೋ ಅಂದುಕೊಂಡರು, ಕೊನೆಗೆ ಗ್ರೀಸಿನ ಬೆಟ್ಟಕ್ಕೆ ಬಡಿದು 121 ಜನ ಹೋದರು. ಅದನ್ನು ಓದಿದಾಗಿನಿಂದ ಏರುವಾಗ ಕ್ಯಾಬಿನ್ ಎತ್ತರ (ಒಳಗಿನ ಒತ್ತಡ ಎಷ್ಟು ಅಡಿ ಎತ್ತರದ ಗಾಳಿಗೆ ಸಮ ಅನ್ನುವ ಅಂಕಿ) ನೋಡದೆ ಬಿಡುವುದಿಲ್ಲ. ಅನುಮಾನ ಬಂದರೂ ಸಾಕು, ಮಾಸ್ಕ್ ಹಾಕಿಕೊಂಡೇ ಯೋಚಿಸುವುದು.

ಸಿಮ್ಯುಲೇಟರ್ ಸಿಗುವುದು ಅಪರೂಪ. ಅದಕ್ಕೆ ಮನೆಯಲ್ಲಿ ಗೋಡೆಗೆ ಕಾಕ್‌ಪಿಟ್ ಪೋಸ್ಟರ್ ಅಂಟಿಸಿದ್ದೇನೆ. ಕಾಫಿ ಕುಡಿಯುತ್ತಿರುವಾಗ ತಮ್ಮ ಇದ್ದಕ್ಕಿದ್ದಂತೆ "ಅಣ್ಣ, ಕ್ಯಾಬಿನ್ ಹೋಯ್ತು" ಅನ್ನುತ್ತಾನೆ, ನಾನು ಎದ್ದು ಹೋಗಿ ಕೈ ಆಡಿಸಿ ಜೋರಾಗಿ ಹೇಳುತ್ತೇನೆ. ಇಳಿದ ಮೇಲಿನದ್ದನ್ನೂ ಬಿಡುವುದಿಲ್ಲ: ಕ್ಯಾಬಿನ್ ಎತ್ತರ ಓದಿದ ಮೇಲೇ ಮಾಸ್ಕ್ ತೆಗೆಯುವುದು, ಆಮೇಲೆ ಹಿಂದಿರುವ ಸಿಬ್ಬಂದಿಗೆ ಕರೆ ಮಾಡಿ ಯಾರಿಗೆ ಏನಾಗಿದೆ ಅಂತ ಕೇಳುವುದು.