ಮಲೆನಾಡಿನ ರಸ್ತೆಗೆ ಟ್ರ್ಯಾಕ್ ಟೈರ್: ಸ್ಪೋರ್ಟ್ಸ್ ಕಾರಿಗೆ ಆರಿಸಿಕೊಳ್ಳುವ ಬಗೆ

ಕಾಫಿ ತೋಟಗಳ ಮಣ್ಣುದಾರಿಯಲ್ಲಿ ರ್‍ಯಾಲಿ ಕಾರುಗಳು ಧೂಳೆಬ್ಬಿಸಿ ಓಡುವುದನ್ನು ಕಂಡಿರುವ ಚಿಕ್ಕಮಗಳೂರಿನವರಿಗೆ ಟೈರಿನ ಮಹತ್ವವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಆದರೆ ಮಣ್ಣಿನ ರ್‍ಯಾಲಿಯ ಟೈರಿಗೂ ಡಾಂಬರಿನ ರೇಸ್ ಟ್ರ್ಯಾಕಿಗೆಂದು ತಯಾರಾದ ಟೈರಿಗೂ ಯಾವ ಹೋಲಿಕೆಯೂ ಇಲ್ಲ. ಈ ಲೇಖನವಿರುವುದು ಎರಡನೆಯದರ ಬಗ್ಗೆ. ಹಾಸನ ಅಥವಾ ಚಿಕ್ಕಮಗಳೂರಿನಲ್ಲಿ ಸ್ಪೋರ್ಟ್ಸ್ ಕಾರನ್ನು ದಿನನಿತ್ಯದ ರಸ್ತೆಯಲ್ಲೇ ಓಡಿಸುತ್ತ, ವರ್ಷಕ್ಕೆ ಕೆಲವು ಸಲ ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಸರ್ಕ್ಯೂಟಿಗೋ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೋ ಕೊಂಡೊಯ್ಯಲು ಬಯಸುವವರು ಯಾವ ಟೈರ್ ಹಾಕಿಸಬೇಕು ಎಂಬುದು ಇಲ್ಲಿನ ಪ್ರಶ್ನೆ. ನನ್ನ ಅಭಿಪ್ರಾಯವನ್ನು ಆರಂಭದಲ್ಲೇ ಹೇಳಿಬಿಡುತ್ತೇನೆ: ಟ್ರ್ಯಾಕಿನ ಅತಿ ವೇಗದ ಸುತ್ತನ್ನು ಮನಸ್ಸಿನಲ್ಲಿಟ್ಟುಕೊಂಡು ಟೈರ್ ಆರಿಸಬಾರದು, ನೀವು ಆ ಟೈರಿನ ಮೇಲೆ ಸಾಗಬೇಕಾದ ಅತ್ಯಂತ ತಣ್ಣನೆಯ, ಅತ್ಯಂತ ಒದ್ದೆಯಾದ ರಸ್ತೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಆರಿಸಬೇಕು.

ಮೊದಲು ಕಿಲೋಮೀಟರಿನ ಲೆಕ್ಕ

ಅಂಗಡಿಗೆ ಹೋಗುವ ಮುನ್ನ ಕಾಗದದ ಮೇಲೆ ಒಂದು ಲೆಕ್ಕ ಹಾಕಿ. ಇರುಂಗಾಟ್ಟುಕೋಟೈ ಸರ್ಕ್ಯೂಟಿನ ಪೂರ್ಣ ಸುತ್ತು 3.717 ಕಿ.ಮೀ. ಉದ್ದದ್ದು. ಒಂದು ದಿನದಲ್ಲಿ ನಾಲ್ಕು ಅವಧಿ, ಪ್ರತಿ ಅವಧಿಗೆ ಎಂಟು ಸುತ್ತು ಓಡಿಸಿದರೂ ಒಟ್ಟು ದೂರ 120 ಕಿ.ಮೀ. ದಾಟುವುದಿಲ್ಲ. ಚಿಕ್ಕಮಗಳೂರಿನಿಂದ ಅಲ್ಲಿಗೆ ಹೋಗಲು ಮಾತ್ರ 500 ಕಿ.ಮೀ.ಗೂ ಹೆಚ್ಚು ದಾರಿಯಿದೆ, ಬರುವಾಗ ಮತ್ತೆ ಅಷ್ಟೇ. ಅಂದರೆ ಟ್ರ್ಯಾಕಿಗೆಂದು ಹೊರಟ ಪ್ರಯಾಣದಲ್ಲಿಯೂ ಟೈರಿನ ಬದುಕು ಕಳೆಯುವುದು ಬಹುಪಾಲು ಹೆದ್ದಾರಿಯಲ್ಲಿ.

ಇದರ ಜೊತೆಗೆ ನಿಮ್ಮ ದೈನಂದಿನ ದಾರಿ ಯಾವುದು ಎಂಬುದನ್ನೂ ಬರೆದುಕೊಳ್ಳಿ. ಹಾಸನದಿಂದ ಚನ್ನರಾಯಪಟ್ಟಣದ ಮೂಲಕ ಬೆಂಗಳೂರಿಗೆ ಹೋಗಿಬರುವವರ ರಸ್ತೆ ವರ್ಷದ ಬಹುಕಾಲ ಒಣಗಿಯೇ ಇರುತ್ತದೆ. ಅದೇ ಜಿಲ್ಲೆಯ ಸಕಲೇಶಪುರದಲ್ಲಿದ್ದುಕೊಂಡು ಶಿರಾಡಿ ಘಾಟಿ ಇಳಿಯುವವರು, ಮೂಡಿಗೆರೆ, ಕೊಟ್ಟಿಗೆಹಾರದ ಮೂಲಕ ಚಾರ್ಮಾಡಿಯಲ್ಲಿ ಓಡಾಡುವವರು ಮಳೆಗಾಲದುದ್ದಕ್ಕೂ ನೀರಿನ ಮೇಲೆಯೇ ಸಾಗುತ್ತಾರೆ. ಇವರಿಬ್ಬರ ಬಳಿ ಒಂದೇ ಮಾದರಿಯ ಕಾರಿದ್ದರೂ ಟೈರ್ ಒಂದೇ ಆಗಬೇಕಾಗಿಲ್ಲ.

ಮೂರು ದರ್ಜೆಗಳು, ಮತ್ತು ಒಂದು ಸಂಖ್ಯೆಯ ಮಿತಿ

ಮಾರುಕಟ್ಟೆಯಲ್ಲಿರುವ ವೇಗದ ಟೈರುಗಳನ್ನು ಸ್ಥೂಲವಾಗಿ ಮೂರು ದರ್ಜೆಗಳಲ್ಲಿ ನೋಡಬಹುದು. ಮಿಶೆಲಿನ್ ಪೈಲಟ್ ಸ್ಪೋರ್ಟ್ 4ಎಸ್‌ನಂಥವು ಮೊದಲನೆಯ ದರ್ಜೆಯವು. ಇವು ರಸ್ತೆಗೆಂದೇ ರೂಪಿಸಿದವು, ಆದರೆ ಅಪರೂಪಕ್ಕೊಮ್ಮೆ ಟ್ರ್ಯಾಕನ್ನೂ ತಾಳಿಕೊಳ್ಳುತ್ತವೆ. ಯೊಕೊಹಾಮಾ ಅಡ್ವಾನ್ ನಿಯೋವಾ ಎಡಿ09, ಬ್ರಿಜ್‌ಸ್ಟೋನ್ ಪೊಟೆಂಜಾ ಆರ್‌ಇ-71ಆರ್‌ಎಸ್ ಎರಡನೆಯ ದರ್ಜೆಗೆ ಸೇರಿದವು. ಇವುಗಳ ರಬ್ಬರ್ ಮೃದು, ಟ್ರೆಡ್ (ನೆಲಕ್ಕೆ ತಾಗುವ ಮೇಲ್ಮೈ) ಕಟ್ಟೆಗಳು ದೊಡ್ಡವು, ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಗಡುಸು. ಮಿಶೆಲಿನ್ ಪೈಲಟ್ ಸ್ಪೋರ್ಟ್ ಕಪ್ 2, ಪಿರೆಲ್ಲಿ ಪಿ ಜೀರೋ ಟ್ರೋಫಿಯೋ ಆರ್, ಟೋಯೋ ಪ್ರಾಕ್ಸೆಸ್ ಆರ್888ಆರ್ ಮೂರನೆಯ ದರ್ಜೆಯವು. ಸೆಮಿ ಸ್ಲಿಕ್ ಎಂದು ಕರೆಯುವುದು ಇವನ್ನೇ. ರಸ್ತೆಯಲ್ಲಿ ಓಡಿಸಲು ಕಾನೂನಿನ ಅಡ್ಡಿಯಿಲ್ಲದಿದ್ದರೂ ಇವುಗಳ ಮೂಲ ಉದ್ದೇಶ ಟ್ರ್ಯಾಕೇ.

ಈ ದರ್ಜೆಗಳನ್ನು ಗುರುತಿಸಲು ಸೈಡ್‌ವಾಲ್ ಮೇಲಿನ ಟ್ರೆಡ್‌ವೇರ್ ಸಂಖ್ಯೆ ನೆರವಾಗುತ್ತದೆ. ಇದು ಅಮೆರಿಕದ ನಿಯಮದಂತೆ ಮುದ್ರಿಸುವ ಸಂಖ್ಯೆ. 100 ಅಂಕಿಯ ಆಧಾರ ಟೈರಿಗಿಂತ ಎಷ್ಟು ಪಟ್ಟು ಬಾಳಿಕೆ ಬರುತ್ತದೆ ಎಂಬುದನ್ನು ಇದು ಸೂಚಿಸುತ್ತದೆ. ಪೈಲಟ್ ಸ್ಪೋರ್ಟ್ 4ಎಸ್‌ಗೆ 300, ನಿಯೋವಾ ಎಡಿ09ಗೆ 200, ಕಪ್ 2ಕ್ಕೆ 180, ಟ್ರೋಫಿಯೋ ಆರ್‌ಗೆ 60 ಎಂದಿರುತ್ತದೆ. ಆದರೆ ಈ ಅಂಕಿಯನ್ನು ನಿಗದಿಪಡಿಸುವವರು ಟೈರ್ ತಯಾರಕರೇ ಎಂಬುದನ್ನು ಮರೆಯಬಾರದು. ಅಮೆರಿಕದ ಹಲವು ಹವ್ಯಾಸಿ ಸ್ಪರ್ಧೆಗಳಲ್ಲಿ ಕನಿಷ್ಠ 200 ಇರಬೇಕೆಂಬ ನಿಯಮವಿರುವುದರಿಂದ, ಆ ಸ್ಪರ್ಧೆಗಳನ್ನು ಗೆಲ್ಲಲೆಂದೇ ಮಾಡಿದ ಬಹಳ ಮೃದುವಾದ ಟೈರುಗಳೂ 200 ಎಂಬ ಅಂಕಿಯನ್ನೇ ಹೊತ್ತು ಬರುತ್ತವೆ. ಆದ್ದರಿಂದ ಒಂದೇ ಕಂಪನಿಯ ಎರಡು ಟೈರುಗಳನ್ನು ಹೋಲಿಸಲು ಈ ಸಂಖ್ಯೆಯನ್ನು ನಂಬಿ, ಬೇರೆ ಬೇರೆ ಕಂಪನಿಗಳ ನಡುವೆ ಅಷ್ಟಾಗಿ ನಂಬಬೇಡಿ. ಅದರ ಪಕ್ಕದ ಟ್ರ್ಯಾಕ್ಷನ್ ದರ್ಜೆಯೂ ಒದ್ದೆ ನೆಲದಲ್ಲಿ ನೇರವಾಗಿ ಬ್ರೇಕ್ ಹಾಕಿದಾಗಿನ ಹಿಡಿತವನ್ನು ಮಾತ್ರ ಹೇಳುತ್ತದೆ. ತಿರುವಿನ ಹಿಡಿತದ ಬಗ್ಗೆಯಾಗಲಿ, ನಿಂತ ನೀರಿನ ಮೇಲೆ ಕಾರು ತೇಲುವ ಬಗ್ಗೆಯಾಗಲಿ ಅದು ಏನನ್ನೂ ಹೇಳುವುದಿಲ್ಲ.

ರಬ್ಬರಿಗೆ ಬಿಸಿ ಬೇಕು

ಟ್ರ್ಯಾಕ್ ಟೈರಿನ ರಬ್ಬರ್ ತನ್ನ ಪೂರ್ಣ ಹಿಡಿತವನ್ನು ತೋರುವುದು ಬಿಸಿಯೇರಿದ ಮೇಲೆ. ಸೆಮಿ ಸ್ಲಿಕ್‌ಗಳ ಮಟ್ಟಿಗೆ ಈ ಬಿಸಿ ಸ್ಥೂಲವಾಗಿ 70ರಿಂದ 100 ಡಿಗ್ರಿ ಸೆಲ್ಸಿಯಸ್. ಟ್ರ್ಯಾಕಿನಲ್ಲಿ ಒಂದೆರಡು ಸುತ್ತು ಜೋರಾಗಿ ಓಡಿಸಿದರೆ, ಬ್ರೇಕ್ ಮತ್ತು ತಿರುವುಗಳ ಒತ್ತಡದಿಂದ ಟೈರ್ ಈ ಮಟ್ಟಕ್ಕೆ ಏರುತ್ತದೆ. ಡಿಸೆಂಬರ್ ತಿಂಗಳ ಬೆಳಿಗ್ಗೆ, ಗಾಳಿಯ ಉಷ್ಣಾಂಶ 15 ಡಿಗ್ರಿಯ ಆಸುಪಾಸಿನಲ್ಲಿರುವಾಗ, ಕೈಮರದಿಂದ ಮುಳ್ಳಯ್ಯನಗಿರಿಯ ಕಡೆಗೆ ನಿಯಮ ಪಾಲಿಸುತ್ತ ಹತ್ತುವ ಕಾರಿನ ಟೈರ್ ಅಷ್ಟು ಬಿಸಿಯಾಗುವ ಸಾಧ್ಯತೆಯೇ ಇಲ್ಲ. ಬಿಸಿ ಮಾಡುವುದಕ್ಕಾಗಿ ಆ ಕಿರಿದಾದ ರಸ್ತೆಯಲ್ಲಿ ವೇಗ ಹೆಚ್ಚಿಸುವುದಂತೂ ಸರ್ವಥಾ ಸಲ್ಲದು. ಪ್ರವಾಸಿಗರ ವಾಹನ, ನಡೆದು ಹೋಗುವವರು, ದನಕರು ಎಲ್ಲರೂ ಇರುವ ದಾರಿಯದು. ತಣ್ಣಗಿರುವಾಗ ಸೆಮಿ ಸ್ಲಿಕ್‌ನ ಹಿಡಿತ ಅದಕ್ಕಿಂತ ಅಗ್ಗದ, ಉತ್ತಮ ರಸ್ತೆ ಟೈರಿಗಿಂತಲೂ ಕಡಿಮೆಯಾಗಿರಬಹುದು ಎಂಬ ಮಾತನ್ನು ಕೊಳ್ಳುವ ಮುನ್ನವೇ ತಿಳಿದಿರಬೇಕು.

ಬಿಸಿಯಾಗಿ ಮತ್ತೆ ತಣಿಯುವ ಪ್ರತಿ ಆವರ್ತನದಲ್ಲೂ ರಬ್ಬರ್ ಸ್ವಲ್ಪ ಸ್ವಲ್ಪವೇ ಗಟ್ಟಿಯಾಗುತ್ತದೆ. ಹೀಗಾಗಿ ಟ್ರೆಡ್ ಇನ್ನೂ ಕಣ್ಣಿಗೆ ಚೆನ್ನಾಗಿ ಕಾಣುತ್ತಿರುವಾಗಲೇ ಹಿಡಿತ ಕುಗ್ಗಿರುವುದುಂಟು. ಬಳಸಿದ ಟ್ರ್ಯಾಕ್ ಟೈರುಗಳನ್ನು ಕಡಿಮೆ ಬೆಲೆಗೆ ಸಿಕ್ಕಿತೆಂದು ಕೊಳ್ಳಬಾರದು ಎನ್ನುವುದಕ್ಕೆ ಇದೇ ಕಾರಣ.

ನೀರೇ ನಿಜವಾದ ಪರೀಕ್ಷೆ

ಇಷ್ಟು ಹೊತ್ತು ಹೇಳಿದ್ದಕ್ಕಿಂತ ಮುಖ್ಯವಾದ ವಿಷಯ ಇದು. ಟೈರಿನ ಕಾಲುವೆಗಳ ಕೆಲಸ ನೀರನ್ನು ಪಕ್ಕಕ್ಕೂ ಹಿಂದಕ್ಕೂ ತಳ್ಳುವುದು. ಹೊಸ ಸಾಮಾನ್ಯ ಟೈರಿನಲ್ಲಿ ಈ ಕಾಲುವೆಗಳ ಆಳ ಎಂಟು ಮಿಲಿಮೀಟರಿನ ಹತ್ತಿರವಿರುತ್ತದೆ. ಸೆಮಿ ಸ್ಲಿಕ್‌ಗಳಲ್ಲಿ ಹೊಸದರಲ್ಲೇ ಆಳ ಕಡಿಮೆ, ಕಾಲುವೆಗಳ ಸಂಖ್ಯೆಯೂ ಕಡಿಮೆ. ಜೊತೆಗೆ ಸ್ಪೋರ್ಟ್ಸ್ ಕಾರಿನ ಟೈರ್ ಅಗಲವಾದದ್ದು. ಅಗಲ ಹೆಚ್ಚಿದಷ್ಟೂ ತಳ್ಳಬೇಕಾದ ನೀರೂ ಹೆಚ್ಚು. ನೀರು ಹೊರಹೋಗಲು ಸಮಯ ಸಾಲದಾದಾಗ ಟೈರ್ ನೆಲವನ್ನು ಬಿಟ್ಟು ನೀರಿನ ಪದರದ ಮೇಲೆ ತೇಲುತ್ತದೆ, ಆಗ ಸ್ಟಿಯರಿಂಗ್ ಆಗಲಿ ಬ್ರೇಕ್ ಆಗಲಿ ಕೆಲಸ ಮಾಡುವುದಿಲ್ಲ.

1960ರ ದಶಕದಲ್ಲಿ ನಾಸಾ ಸಂಶೋಧಕರು ವಿಮಾನದ ಟೈರುಗಳನ್ನು ಅಧ್ಯಯನ ಮಾಡಿ, ತೇಲುವಿಕೆ ಶುರುವಾಗುವ ವೇಗವು ಟೈರಿನ ಗಾಳಿಯ ಒತ್ತಡದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ ಎಂದು ಕಂಡುಕೊಂಡರು. ಆ ಸೂತ್ರದ ಪ್ರಕಾರ, ಆಳವಾದ ನೀರಿನಲ್ಲಿ, ಟ್ರೆಡ್ ಇಲ್ಲದಷ್ಟು ಸವೆದ ಟೈರಿನಲ್ಲಿ 32 ಪಿಎಸ್‌ಐ ಗಾಳಿಯಿದ್ದರೆ ಗಂಟೆಗೆ ಸುಮಾರು 94 ಕಿ.ಮೀ.ನಲ್ಲಿ ತೇಲುವಿಕೆ ಶುರುವಾಗುತ್ತದೆ; 26 ಪಿಎಸ್‌ಐ ಇದ್ದರೆ ಸುಮಾರು 85 ಕಿ.ಮೀ.ನಲ್ಲಿಯೇ. ಎರಡೂ ನಮ್ಮ ರಾಷ್ಟ್ರೀಯ ಹೆದ್ದಾರಿಯಲ್ಲಿ ಕಾರುಗಳು ದಿನವೂ ಓಡುವ ವೇಗಗಳೇ. ಟ್ರ್ಯಾಕಿನಲ್ಲಿ ಗಾಳಿ ಇಳಿಸಿಕೊಂಡವರು ಮರಳುವಾಗ ಮತ್ತೆ ತುಂಬಿಸದೆ ಹೊರಟರೆ ಎಂಥ ಅಪಾಯ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಮುಂಗಾರಿನ ನಾಲ್ಕು ತಿಂಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿದರೆ ಸಾಲದು. ಮಾರ್ಚ್, ಏಪ್ರಿಲ್‌ನ ಹೂಮಳೆ ಕಾಫಿ ಬೆಳೆಗಾರರಿಗೆ ವರವಾದರೂ, ತಿಂಗಳುಗಟ್ಟಲೆ ಧೂಳು ಮತ್ತು ಎಣ್ಣೆ ಕುಳಿತ ಡಾಂಬರಿನ ಮೇಲೆ ಬಿದ್ದ ಆ ಮೊದಲ ಮಳೆ ರಸ್ತೆಯನ್ನು ಬಹಳ ಜಾರಿಕೆಯಾಗಿಸುತ್ತದೆ. ಕೊಯ್ಲಿನ ಕಾಲದಲ್ಲಿ ತೋಟದಿಂದ ಬರುವ ಟ್ರ್ಯಾಕ್ಟರುಗಳು ತಿರುವುಗಳಲ್ಲಿ ಮಣ್ಣು ಬಿಟ್ಟು ಹೋಗುತ್ತವೆ, ಸಿಲ್ವರ್ ಓಕ್ ಎಲೆಗಳು ಮಂಜಿನಲ್ಲಿ ನೆನೆದು ರಸ್ತೆಗೆ ಅಂಟಿಕೊಂಡಿರುತ್ತವೆ.

ಆದ್ದರಿಂದ ನನ್ನ ಸಲಹೆ ಹೀಗಿದೆ. ಒಂದೇ ಜೊತೆ (ನಾಲ್ಕರ ಸೆಟ್) ಟೈರಿನಲ್ಲಿ ವರ್ಷವಿಡೀ ಓಡಿಸುವವರು, ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿಯ ಕಡೆಯವರಾದರೆ, ಮೊದಲನೆಯ ದರ್ಜೆಯಲ್ಲೇ ನಿಲ್ಲಿ. ಹಾಸನ, ಅರಸೀಕೆರೆ, ಕಡೂರಿನ ಒಣ ಸೀಮೆಯವರು, ಮಳೆಯ ದಿನ ಕಾರನ್ನು ಮನೆಯಲ್ಲೇ ಬಿಡಲು ಸಿದ್ಧರಿದ್ದರೆ, ಎರಡನೆಯ ದರ್ಜೆಯವರೆಗೆ ಹೋಗಬಹುದು. ಸೆಮಿ ಸ್ಲಿಕ್ ಬೇಕೇಬೇಕೆಂದರೆ ಅದಕ್ಕೆ ಪ್ರತ್ಯೇಕ ರಿಮ್‌ಗಳ ಜೊತೆಯೊಂದನ್ನು ಇಟ್ಟುಕೊಂಡು, ಒಣ ಕಾಲದ ಟ್ರ್ಯಾಕ್ ಪ್ರಯಾಣಕ್ಕೆ ಮಾತ್ರ ಬಳಸಬೇಕು. ಪೋರ್ಶೆ 911 ಜಿಟಿ3ಯಂಥ ಕಾರು ಕಾರ್ಖಾನೆಯಿಂದಲೇ ಇಂಥ ಟೈರಿನೊಂದಿಗೆ ಬಂದರೂ, ಮಳೆಗಾಲಕ್ಕೆ ತಯಾರಕರು ಒಪ್ಪಿರುವ ಬೇರೆ ಟೈರಿನ ಜೊತೆಯೊಂದನ್ನು ಹೊಂದಿಸಿಕೊಳ್ಳುವುದು ಒಳ್ಳೆಯದು.

ಸೈಡ್‌ವಾಲ್ ಓದುವುದು

ದರ್ಜೆ ನಿರ್ಧಾರವಾದ ಮೇಲೆ ಅಳತೆಯ ಕಡೆ ಬನ್ನಿ. 225/45 ಆರ್17 ಎಂದರೆ ಅಗಲ 225 ಮಿ.ಮೀ., ಸೈಡ್‌ವಾಲ್‌ನ ಎತ್ತರ ಆ ಅಗಲದ ಶೇ 45, ರಿಮ್ 17 ಇಂಚು. ಒಟ್ಟು ವ್ಯಾಸ ಸುಮಾರು 634 ಮಿ.ಮೀ. ಟ್ರ್ಯಾಕ್ ಟೈರ್ ನಿಮ್ಮ ಅಳತೆಯಲ್ಲಿ ಸಿಗದೆ 245/40 ಆರ್17 ಸಿಕ್ಕರೆ ವ್ಯಾಸ 628 ಮಿ.ಮೀ.ನಷ್ಟಾಗುತ್ತದೆ. ಶೇ 1ರ ಈ ವ್ಯತ್ಯಾಸ ಸ್ಪೀಡೋಮೀಟರಿಗೆ ದೊಡ್ಡದಲ್ಲ, ಆದರೆ ರಿಮ್‌ನ ಅಗಲಕ್ಕೆ ಅದು ಹೊಂದುತ್ತದೆಯೇ, ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಒಳಗೆ ತಾಗುತ್ತದೆಯೇ, ಕಾರು ತಯಾರಕರ ಅನುಮತಿಯ ಪಟ್ಟಿಯಲ್ಲಿದೆಯೇ ಎಂದು ನೋಡಲೇಬೇಕು. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಕಾರುಗಳಲ್ಲಿ ಮುಂದಿನ ಮತ್ತು ಹಿಂದಿನ ಟೈರುಗಳ ಸುತ್ತಳತೆಯ ಅನುಪಾತ ಕೆಟ್ಟರೆ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ಗೆ ಹಾನಿಯಾಗುತ್ತದೆ.

ಅಳತೆಯ ನಂತರ ಬರುವ 91 ಎಂಬ ಅಂಕಿ ಪ್ರತಿ ಟೈರ್ 615 ಕೆ.ಜಿ. ಹೊರಬಲ್ಲದು ಎಂದೂ, 94 ಎಂಬುದು 670 ಕೆ.ಜಿ. ಎಂದೂ ಸೂಚಿಸುತ್ತದೆ. ಇದು ಕಾರ್ಖಾನೆಯ ಟೈರಿಗಿಂತ ಕಡಿಮೆ ಇರಕೂಡದು. ವೇಗದ ಅಕ್ಷರಗಳಲ್ಲಿ ವಿ 240, ಡಬ್ಲ್ಯೂ 270, ವೈ 300 ಕಿ.ಮೀ. ವೇಗಕ್ಕೆ ಸಲ್ಲುತ್ತವೆ.

ತಯಾರಿಕೆಯ ದಿನಾಂಕ ನಾಲ್ಕು ಅಂಕಿಗಳಲ್ಲಿರುತ್ತದೆ. 2324 ಎಂದರೆ 2024ರ 23ನೇ ವಾರ. ಟ್ರ್ಯಾಕ್ ಟೈರ್ ನಮ್ಮಲ್ಲಿ ನಿಧಾನವಾಗಿ ಮಾರಾಟವಾಗುವ ಸರಕಾದ್ದರಿಂದ ಗೋದಾಮಿನಲ್ಲಿ ಹಳತಾಗಿರುವ ಸಾಧ್ಯತೆ ಇದ್ದೇ ಇದೆ, ಹಣ ಕೊಡುವ ಮುನ್ನ ನಾಲ್ಕೂ ಟೈರುಗಳಲ್ಲಿ ಇದನ್ನು ನೋಡಿ. ಐಎಸ್‌ಐ ಗುರುತನ್ನೂ ನೋಡಿ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಟೈರ್ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿದ ಮೇಲೆ ಆಮದಿಗೆ ಪರವಾನಗಿ ಬೇಕಾಗುತ್ತದೆ, ಹಾಗಾಗಿ ವಿದೇಶಿ ಪತ್ರಿಕೆಗಳಲ್ಲಿ ಓದಿದ ಎಲ್ಲ ಟೈರುಗಳೂ ಇಲ್ಲಿ ಸಿಗುವುದಿಲ್ಲ. ರಸೀದಿಯಿಲ್ಲದೆ ತರಿಸಿಕೊಡುತ್ತೇವೆ ಎನ್ನುವವರಿಂದ ದೂರವಿರಿ.

ಹಾಕಿಸಿದ ಮೇಲೆ

ವೀಲ್ ಅಲೈನ್‌ಮೆಂಟ್ ಮಾಡಿಸದೆ ಇಂಥ ಟೈರನ್ನು ರಸ್ತೆಗಿಳಿಸಬೇಡಿ. ಟೋ (ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ತಪ್ಪಿದ್ದರೆ ಮೃದುವಾದ ರಬ್ಬರ್ ಬೇಗನೆ ಸವೆದುಹೋಗುತ್ತದೆ. ಮೊದಲ 200 ಕಿ.ಮೀ.ನಷ್ಟು ದೂರ ಮೃದುವಾಗಿ ಓಡಿಸಿ, ಏಕೆಂದರೆ ಅಚ್ಚಿನಿಂದ ಬಿಡಿಸಲು ಬಳಸಿದ ಜಾರುಪದರ ಸವೆಯುವವರೆಗೆ ಹಿಡಿತ ಕಡಿಮೆ. ಸೈಡ್‌ವಾಲ್ ಗಿಡ್ಡ ಮತ್ತು ಗಡುಸಾಗಿರುವುದರಿಂದ ಗುಂಡಿಯ ಪೆಟ್ಟು ನೇರವಾಗಿ ರಿಮ್‌ಗೆ ತಾಗುತ್ತದೆ, ಘಾಟಿ ದಾಟಿ ಬಂದ ಮೇಲೆ ಸೈಡ್‌ವಾಲ್‌ನ ಒಳಬದಿಯಲ್ಲೂ ಉಬ್ಬು ಕಾಣಿಸುತ್ತದೆಯೇ ಎಂದು ಕೈಯಾಡಿಸಿ ನೋಡಿ. ಉಬ್ಬಿದ ಟೈರಿಗೆ ದುರಸ್ತಿಯಿಲ್ಲ.

ಗಾಳಿಯ ವಿಷಯದಲ್ಲಿ ನಮ್ಮ ಜಿಲ್ಲೆಗಳದೊಂದು ವಿಶೇಷವಿದೆ. ಚಿಕ್ಕಮಗಳೂರು ಸಮುದ್ರಮಟ್ಟಕ್ಕಿಂತ ಸಾವಿರ ಮೀಟರಿಗೂ ಹೆಚ್ಚು ಎತ್ತರದಲ್ಲಿರುವುದರಿಂದ ಹೊರಗಿನ ವಾಯುಭಾರ ಚೆನ್ನೈಗಿಂತ ಒಂದೂವರೆ ಪಿಎಸ್‌ಐಗೂ ತುಸು ಮೀರಿ ಕೆಳಗಿರುತ್ತದೆ, ಮಾಪಕ ಅಷ್ಟನ್ನು ಹೆಚ್ಚಿಗೆ ತೋರಿಸುತ್ತದೆ. ಆದರೆ ಬೆಟ್ಟದ ತಂಪಿನಿಂದ ಟೈರಿನ ಒತ್ತಡ ಕುಗ್ಗುತ್ತದೆ, ಸುಮಾರು ಐದೂವರೆ ಡಿಗ್ರಿಗೆ ಒಂದು ಪಿಎಸ್‌ಐನಂತೆ. ಎರಡೂ ಎಷ್ಟರ ಮಟ್ಟಿಗೆ ಸರಿದೂಗುತ್ತವೆ ಎಂದು ಊಹಿಸುವ ಬದಲು, ಎಲ್ಲಿ ಓಡಿಸುತ್ತೀರೋ ಅಲ್ಲಿಯೇ, ಬೆಳಿಗ್ಗೆ ಕಾರು ಹೊರಡುವ ಮುನ್ನವೇ ಅಳೆಯಿರಿ. ಒಳ್ಳೆಯ ಮಾಪಕವೊಂದನ್ನು ಸ್ವಂತಕ್ಕೆ ಇಟ್ಟುಕೊಳ್ಳಿ. ಟ್ರ್ಯಾಕಿನಲ್ಲಿ ಬಿಸಿಯಿಂದ ಆರೇಳು ಪಿಎಸ್‌ಐ ಏರುವುದು ಸಾಮಾನ್ಯವಾದ್ದರಿಂದ, ಟೈರ್ ತಯಾರಕರು ಹೇಳಿದ ಬಿಸಿ ಒತ್ತಡಕ್ಕೆ ಹೊಂದುವಂತೆ ಮೊದಲೇ ಇಳಿಸಿಕೊಂಡು, ಪ್ರತಿ ಅವಧಿ ಮುಗಿದೊಡನೆ ಅಳೆಯಬೇಕು. ಸಾಮಾನ್ಯ ವಾಹನ ವಿಮೆ ಸಂಘಟಿತ ರೇಸ್ ಹಾಗೂ ವೇಗ ಪರೀಕ್ಷೆಗೆ ಅನ್ವಯಿಸುವುದಿಲ್ಲ ಎಂಬುದೂ ಹೊರಡುವ ಮುನ್ನ ನೆನಪಿರಲಿ.

ಟ್ರೆಡ್ ಕಾಲುವೆಯೊಳಗಿನ 1.6 ಮಿ.ಮೀ. ಸೂಚಕ ಪಟ್ಟಿ ಮೇಲ್ಮೈಗೆ ಸಮನಾದರೆ ಟೈರ್ ಬದಲಿಸಲೇಬೇಕು, ಆದರೆ ಮಲೆನಾಡಿನ ಮಳೆಗೆ ಆ ಮಿತಿಯವರೆಗೆ ಕಾಯುವುದು ತಡವಾಯಿತೆಂದೇ ಅರ್ಥ. ಕಾಲುವೆ 3 ಮಿ.ಮೀ.ಗೆ ಬಂದ ಜೊತೆಯನ್ನು ಜೂನ್‌ಗೆ ಮುನ್ನ ತೆಗೆದಿಡಿ. ತೆಗೆದಿಟ್ಟ ಟೈರುಗಳನ್ನು ತೊಳೆದು, ಒಣಗಿಸಿ, ಬಿಸಿಲು ತಾಗದ ಕೋಣೆಯಲ್ಲಿ ಕಪ್ಪು ಪ್ಲಾಸ್ಟಿಕ್‌ನಲ್ಲಿ ಮುಚ್ಚಿಡಬೇಕು. ಡೀಸೆಲ್, ಕೀಟನಾಶಕ ಇಡುವ ತೋಟದ ಗೋದಾಮಿನಲ್ಲಾಗಲಿ, ಪಂಪ್‌ಸೆಟ್ ಮೋಟಾರಿನ ಪಕ್ಕದಲ್ಲಾಗಲಿ ಇಡಬಾರದು, ಏಕೆಂದರೆ ಎಣ್ಣೆಯ ಆವಿಯೂ ಮೋಟಾರಿನಿಂದ ಹೊಮ್ಮುವ ಓಝೋನೂ ರಬ್ಬರನ್ನು ಬಿರುಕುಗೊಳಿಸುತ್ತವೆ.